ರೇಡಿಯೇಟರಿಗೆ ಹಾಕಿದ ಅರಿಶಿನ

ಅಗಲವಾದ ತಗಡಿನ ತಟ್ಟೆಗೆ ಡೀಸೆಲ್ ಸುರಿದುಕೊಂಡು ಶಬಾನಾ ಬೋಲ್ಟುಗಳನ್ನು ತೊಳೆಯುತ್ತಿದ್ದಳು. ಒಂದೊಂದನ್ನೇ ಅದ್ದಿ, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಮಸಿ ತಿಕ್ಕಿ, ಗೋಣಿಚೀಲದ ಮೇಲೆ ಸಾಲಾಗಿ ಇಡುತ್ತಿದ್ದಳು. ಉದ್ದನೆಯವು ಎಡಕ್ಕೆ, ಗಿಡ್ಡನೆಯವು ಬಲಕ್ಕೆ, ತಲೆ ಸವೆದು ಮತ್ತೆ ಕೂರುವುದು ಅನುಮಾನ ಅನ್ನಿಸಿದವು ತನ್ನ ಕಾಲಿನ ಹತ್ತಿರ. ಹಾಗೆ ವಿಂಗಡಿಸೆಂದು ಯಾರೂ ಹೇಳಿರಲಿಲ್ಲ. ಅಂಗಳದಲ್ಲಿ ಬೆಳಗಿನಿಂದ ನಾಲ್ಕು ಜನ ಇದ್ದರೂ ಪಾನಾ ತಿರುಗುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಬೇವಿನ ಮರದ ಕೆಳಗೆ ಬಾನೆಟ್ ಕಳಚಿದ ಬಿಳಿ ಅಂಬಾಸಿಡರ್. ಅದರ ಮೂತಿಯ ಮೇಲೆ ಮೂರು ಕಬ್ಬಿಣದ ಕಂಬಗಳನ್ನು ತಲೆ ಕೂಡಿಸಿ ನಿಲ್ಲಿಸಿ, ನಡುವೆ ಚೈನ್ ಪುಲ್ಲಿ ಇಳಿಬಿಟ್ಟಿದ್ದರು. ಬಳ್ಳಾರಿಯಿಂದ ಬಂದಿದ್ದ ಮೇಸ್ತ್ರಿ ಸುಂಕಣ್ಣ ಗಾಡಿಯ ಬಾಯಿಯೊಳಗೆ ಸೊಂಟದವರೆಗೆ ಮುಳುಗಿದ್ದ. ಅಕ್ಕನ ಗಂಡ ಆಸಿಂ ಗಾಡಿಯ ಕೆಳಗೆ ಅಂಗಾತ ಮಲಗಿದ್ದ. ಅಪ್ಪ ಚಾಂದಸಾಬ್ ಕಟ್ಟೆಯ ಮೇಲೆ ಕೂತು, ಏನನ್ನೂ ನೋಡದವನ ಹಾಗೆ, ಎಲ್ಲವನ್ನೂ ನೋಡುತ್ತಿದ್ದ. ಆಸಿಂ ಆಗಾಗ ಕೆಳಗಿನಿಂದ ಕೈ ಚಾಚುತ್ತಿದ್ದ, ಅವಳು ಎದ್ದು ಹೋಗಿ ಅವನು ಬಿಚ್ಚಿದ ಬೋಲ್ಟನ್ನು ತೆಗೆದುಕೊಳ್ಳಬೇಕು. ಚಾಚುತ್ತಿದ್ದದ್ದು ಬಲಗೈ. ಮಣಿಕಟ್ಟಿನಿಂದ ಮೊಳಕೈವರೆಗೆ ಚರ್ಮ ಸುಲಿದು ಎಳೆಗೆಂಪಾಗಿತ್ತು. ಅಂಚಿನಲ್ಲಿ ಹಳೆಯ ಚರ್ಮ ಹಪ್ಪಳದ ಹಾಗೆ ಎದ್ದು ಇನ್ನೂ ಉದುರದೆ ನಿಂತಿತ್ತು. ಅವಳು ಬೋಲ್ಟಿನ ತುದಿಯನ್ನಷ್ಟೇ ಹಿಡಿದು ತೆಗೆದುಕೊಳ್ಳುತ್ತಿದ್ದಳು. ಆ ಕೈ ತನಗಾಗಿಯೇ ಪದೇ ಪದೇ ಚಾಚಿಕೊಳ್ಳುತ್ತಿದೆಯೋ ಏನೋ ಅಂತ ಅವಳಿಗೆ ಅನುಮಾನ. ಎಡಗೈ ಖಾಲಿಯಿತ್ತಲ್ಲ.

ಹನ್ನೆರಡು ದಿನದ ಹಿಂದೆ ಸಿರುಗುಪ್ಪದಿಂದ ಲಗ್ನದ ಮಂದಿಯನ್ನು ಕೂರಿಸಿಕೊಂಡು ಬರುವಾಗ ದೇಶನೂರಿನ ಹತ್ತಿರ ಗಾಡಿ ಕುದಿದಿತ್ತು. ಆಸಿಂ ಇಳಿದು, ಟವೆಲ್ ಸುತ್ತಿ ರೇಡಿಯೇಟರಿನ ಮುಚ್ಚಳ ತಿರುವಿದ್ದ. ಹಬೆ ಎದ್ದು ಕೈ ಸುಟ್ಟಿತು. ಕಾಲುವೆಯಿಂದ ಕೊಡ ತುಂಬಿ ತಂದು ಹೊಯ್ದರೂ ನೀರು ಒಳಗೆ ಇಳಿಯಲಿಲ್ಲವಂತೆ, ಬಾಯಿಯಲ್ಲೇ ಗುಳುಗುಳು ಅಂದು ಹೊರಗೆ ಚೆಲ್ಲಿತಂತೆ. ಜರಿ ಸೀರೆ ಉಟ್ಟ ಹೆಂಗಸರು ಭತ್ತದ ಗದ್ದೆಯ ಬದಿಯಲ್ಲಿ ಬಿಸಿಲಿಗೆ ನಿಂತು, ಬಂದ ಬಸ್ಸಿಗೆ ಕೈ ಮಾಡಿ ಹತ್ತಿಹೋದರಂತೆ. ಸಂಜೆ ಯಾರದೋ ಟ್ರ್ಯಾಕ್ಟರ್ ಅಂಬಾಸಿಡರನ್ನು ಕುರುಗೋಡಿನವರೆಗೆ ಎಳೆದುಕೊಂಡು ಬಂತು. ಆಸಿಂ ಸ್ಟಿಯರಿಂಗ್ ಹಿಡಿದು ಕೂತಿದ್ದ, ತನ್ನಷ್ಟಕ್ಕೆ ಓಡದ ಗಾಡಿಯನ್ನು ಓಡಿಸುತ್ತಿರುವವನ ಹಾಗೆ. ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದು ನೋಡಿದರು. ಅಪ್ಪ ಬಾನೆಟ್ ಎತ್ತಿಸಿ, ಬಗ್ಗಿ, ಮೂಸಿದ. ಆಮೇಲೆ ಅಳಿಯನ ಕಡೆ ತಿರುಗಿ, "ಮೂಗಿಲ್ಲೇನು ನಿನಗ? ಸುಟ್ಟ ವಾಸನಿ ಬರಲಿಲ್ಲ?" ಅಂದ. ಗಾಡಿ ಬಿಸಿಯಾದದ್ದನ್ನು ತೋರಿಸುವ ಮುಳ್ಳು ಕೆಟ್ಟು ವರ್ಷವಾಗಿತ್ತು, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಆಸಿಂ ಮುಳ್ಳಿನ ಮಾತು ಎತ್ತಲಿಲ್ಲ. "ಬಂತ್ರಿ ಮಾವ. ಊರು ಬರ್ಲಿ, ನಿಲ್ಲಸೋಣು ಅಂತ…" ಅಂದ. ಅಪ್ಪ ಅಷ್ಟು ಕೇಳಿ ಒಳಗೆ ಹೋದ. ಅಂದಿನಿಂದ ಆಸಿಂ ತಲೆ ತಗ್ಗಿಸಿದ್ದು ಎತ್ತಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಅಂಚಿಗೆ ಮಾತಾಡುತ್ತಿದ್ದ. ಅಪ್ಪ ಎದ್ದುಹೋದ ಮೇಲೆಯೇ ಎರಡನೇ ರೊಟ್ಟಿಗೆ ಕೈ ಹಾಕುತ್ತಿದ್ದ.

ಅಪ್ಪ ತನ್ನನ್ನು ಒಂದೇ ಒಂದು ಮಾತು ಕೇಳಲಿಲ್ಲ. ಈ ಹನ್ನೆರಡು ದಿನವೂ ಶಬಾನಾ ಅದನ್ನೇ ಕಾಯುತ್ತಿದ್ದಾಳೆ. ಗಾಡಿ ಹೋದ ಹಿಂದಿನ ಸಂಜೆ ಅಪ್ಪ ಕೈ ಒರೆಸಿಕೊಳ್ಳುತ್ತಾ ಹೇಳಿದ್ದು ಅವಳಿಗೆ ಅಕ್ಷರ ಅಕ್ಷರ ನೆನಪಿದೆ: "ರೇಡಿಯೇಟರ್ ಸಣ್ಣಗ ಸೋರಾಕತ್ತೈತಿ. ಮುಂಜಾನೆ ನೀರು ಹಾಕುವಾಗ ಒಂದ್ ಚಮಚ ಅರಿಶಿನ ಪುಡಿ ಹಾಕಿಬಿಡು." ಹಳೆಯ ಡ್ರೈವರುಗಳಿಗೆಲ್ಲ ಗೊತ್ತಿರುವ ಉಪಾಯ, ಅರಿಶಿನ ನೀರಿನ ಜೊತೆ ಸುತ್ತಿ ಸುತ್ತಿ ಸೋರುವ ಕಡೆ ಹೋಗಿ ಕೂತು ತೂತು ಮುಚ್ಚುತ್ತದೆ. ಹಿಂದೆಯೂ ಎರಡು ಸಲ ಅವಳೇ ಹಾಕಿದ್ದಳು. ಹಾಗಿರುವಾಗ, ಗಾಡಿ ಕುದಿದು ಬಂದಾಗ ಯಾರಾದರೂ ಮೊದಲು ಕೇಳಬೇಕಾದದ್ದು ಅದಲ್ಲವೇ? ಎಷ್ಟು ಹಾಕಿದೆ? ಕೇಳಲಿಲ್ಲ. ಮರೆತಿದ್ದಾನೆ ಅಂದುಕೊಳ್ಳೋಣವೆಂದರೆ ಅಪ್ಪ ಮರೆಯುವ ಮನುಷ್ಯನಲ್ಲ. ಅವ್ವ ತೀರಿಕೊಂಡ ವರ್ಷ ಯಾವ ಟೈರಿಗೆ ಎಲ್ಲಿ ಪಂಚರ್ ಹಾಕಿಸಿದ್ದೆ ಅಂತ ಈಗಲೂ ಹೇಳುತ್ತಾನೆ. ಮರೆತಿಲ್ಲವೆಂದರೆ? ಅವನು ಕಟ್ಟೆಯ ಮೇಲೆ ಕೂತು ಕಣ್ಣು ಕಿರಿದು ಮಾಡಿದಾಗಲೆಲ್ಲ, ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಅಂತ ಅವಳ ಬೆನ್ನು ಬಿಗಿಯುತ್ತಿತ್ತು. ಅವನು "ಚಾ ಮಾಡು" ಅನ್ನುತ್ತಿದ್ದ.

"ಹ್ಞಾಂ, ಮುದುಕಿ ಸಡ್ಲ ಆದ್ಲು," ಅಂತ ಸುಂಕಣ್ಣ ಗಾಡಿಯೊಳಗಿನಿಂದ ಮೈ ಎತ್ತಿದ. "ಮೂವತ್ತು ವರ್ಷ ಕುಂತಾಕಿ, ಏಳು ಅಂದ್ರ ಏಳ್ತಾಳೇನು. ಅಳಿಯಾ, ಹೊರಗ ಬಾರಪ್ಪ, ಚೈನ್ ಎಳಿ."

ಆಸಿಂ ತೆವಳಿ ಹೊರಗೆ ಬಂದು ಸರಪಳಿ ಹಿಡಿದ. ಕಟಕಟ ಅಂತ ಒಂದೊಂದು ಹಲ್ಲಿಗೆ ಎಂಜಿನ್ ಒಂದೊಂದು ಬೆರಳು ಮೇಲೆ ಎದ್ದಿತು. ಎಣ್ಣೆ, ಮಣ್ಣು, ಕೂದಲು ಹತ್ತಿ ದಪ್ಪಗಾದ ಕಪ್ಪು ಮುದ್ದೆ. ಅದು ಗಾಳಿಯಲ್ಲಿ ನಿಧಾನ ತಿರುಗುವಾಗ ಶಬಾನಾಳಿಗೆ ಅದರ ಬದಿಯ ತೂತೊಂದು ಕಂಡಿತು; ನೀರು ಹಾಯುವ ತೂತು. ಅದರ ಬಾಯಿಗೆ ಒಣಗಿದ ಹಳದಿ ಗೆರೆ. ಅವಳು ಬಗ್ಗಿ ಬೋಲ್ಟು ತಿಕ್ಕಿದಳು. ತಲೆ ಎತ್ತಿದಾಗ ಸುಂಕಣ್ಣ ಅದೇ ತೂತನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದ. ಒರೆಸಿ, ಬೆರಳು ನೋಡಿ, ಪ್ಯಾಂಟಿಗೆ ತಿಕ್ಕಿಕೊಂಡ. ಅವಳ ಕಡೆ ನೋಡಿದನೇ? ನೋಡಲಿಲ್ಲ. ನೋಡದೆ ಇದ್ದದ್ದು ಬೇಕೆಂದೇ ಇರಬಹುದು.

"ತಂಗಿ, ತಬಸ್ಸುಮ್ಮನ್ನೂ ಕರಿಯವ್ವ. ಇಬ್ರೂ ಹಿಂದಕ್ಕ ಗಾಡಿ ಜಗ್ರಿ," ಅಂದ ಸುಂಕಣ್ಣ.

ಅಕ್ಕ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದಳು. ಇಬ್ಬರೂ ಡಿಕ್ಕಿಯ ಕಡೆ ನಿಂತು ಗಾಡಿಯನ್ನು ಹಿಂದಕ್ಕೆ ಎಳೆದರು. ಎಂಜಿನ್ ಇದ್ದಲ್ಲೇ ತೂಗುತ್ತಾ ಉಳಿಯಿತು, ಅದರ ಕೆಳಗಿನಿಂದ ಗಾಡಿ ಹಗುರವಾಗಿ ಸರಿದು ಬಂತು. ಇಷ್ಟು ಸುಲಭವೇ ಅನ್ನಿಸಿತು ಶಬಾನಾಳಿಗೆ. ಅಕ್ಕನ ಭುಜ ಅವಳ ಭುಜಕ್ಕೆ ತಾಗಿತ್ತು. "ಹೊಸಾ ಎಂಜಿನ್ ಕುಂತ್ರ ಏನಂತ?" ಅಂದಳು ಅಕ್ಕ ಮೆಲ್ಲಗೆ, ಯಾರಿಗೂ ಅಲ್ಲದ ಹಾಗೆ. "ಇದನ್ನ ಓಡ್ಸೋರು ಯಾರು?" ಅದು ಶಬಾನಾಳಿಗೂ ಬಂದ ಪ್ರಶ್ನೆಯೇ. ಅಪ್ಪನ ಒಂದು ಕಣ್ಣು ಆಪರೇಷನ್ ಆದಮೇಲೂ ಮಂಜು. ಬಸ್‌ಸ್ಟ್ಯಾಂಡ್ ದಾಟಿ ಅವನು ಗಾಡಿ ಹೊರಡಿಸಿ ಎರಡು ವರ್ಷವಾಯಿತು. ಓಡಿಸುವವನು ಆಸಿಂ ಒಬ್ಬನೇ. ಬಳ್ಳಾರಿಯ ಪಾರ್ವತಿನಗರದ ಡಾಕ್ಟರೊಬ್ಬರ ಮನೆಯಲ್ಲಿ ಆಸಿಂಗೆ ಕಾರು ಓಡಿಸುವ ಕೆಲಸ ಸಿಕ್ಕಿತ್ತು. ಮನೆಯ ಹಿಂದೆ ಇರಲು ಒಂದು ಕೋಣೆ. ಇನ್ನೇನು ಹೊರಡಬೇಕು ಅನ್ನುವಾಗ ಈ ಗಾಡಿ ಕುದಿಯಿತು. "ನನ್ ಕೈಯಾಗ ಕೆಟ್ಟೈತಿ. ಸರಿ ಮಾಡಿ ನಡಸದಾ ಹೆಂಗ ಹೋಗ್ಲಿ," ಅಂತ ಆಸಿಂ ಹೆಂಡತಿಗೆ ಹೇಳುವುದನ್ನು ಶಬಾನಾ ಗೋಡೆಯ ಈಚೆಯಿಂದ ಕೇಳಿದ್ದಳು. ನಿನ್ನೆ ಡಾಕ್ಟರ ಮನೆಯಿಂದ ಫೋನು ಬಂದಿತ್ತು. ನಾಳೆ ಸಂಜೆ ಐದೂವರೆಗೆ ಮಾಡ್ತೀವಿ, ಬರೋದೋ ಇಲ್ಲೋ ಒಂದು ಹೇಳಿಬಿಡಿ, ಬೇರೆಯವರು ಕಾಯ್ತಿದಾರೆ ಅಂದಿದ್ದರು. ಹಾಗಾದರೆ ಇವತ್ತು ಸಂಜೆ. ಅಷ್ಟರೊಳಗೆ ಅವಳು ಒಂದು ವಾಕ್ಯ ಹೇಳಿದರೆ ಆಸಿಂ ತಲೆ ಎತ್ತುತ್ತಾನೆ, ತಲೆ ಎತ್ತಿದರೆ ಹೂಂ ಅನ್ನುತ್ತಾನೆ. ಇಷ್ಟು ಅವಳಿಗೆ ಸ್ಪಷ್ಟವಾಗಿತ್ತು. ವಾಕ್ಯವೂ ಸಿದ್ಧವಿತ್ತು. ಅದನ್ನು ಅವಳು ಪಾತ್ರೆ ತಿಕ್ಕುವಾಗ, ಮಲಗಿದಾಗ, ಬಾಯಿಯೊಳಗೆ ಎಷ್ಟೋ ಸಲ ಹೇಳಿಕೊಂಡಿದ್ದಳು.

ಬಾಯಿಯೊಳಗೆ ಇರುವುದು ಹೊರಗೆ ಬರುವುದಿಲ್ಲ, ಅದೇ ಅವಳ ರೋಗ. ಏಳನೇ ಇಯತ್ತೆಯಲ್ಲಿ ಮೇಡಂ ಪುಸ್ತಕ ಕೈಗೆ ಕೊಟ್ಟು ಓದು ಅಂದರು. ಅವಳಿಗೆ ಓದಲು ಬರುತ್ತಿತ್ತು. ಆ ಪಾಠ ಪೂರ್ತಿ ಬಾಯಿಪಾಠವಿತ್ತು. ನಿಂತಳು, ತುಟಿ ತೆರೆದಳು, ದನಿ ಬರಲಿಲ್ಲ. ಮೇಡಂ ಕಾದರು. ಹಿಂದಿನ ಬೆಂಚಿನಿಂದ ಯಾರೋ ಮೀನಿನ ಹಾಗೆ ಬಾಯಿ ಮುಚ್ಚಿ ತೆಗೆದು ಮಾಡಿದರು, ನಲವತ್ತು ಮಂದಿ ನಕ್ಕರು, ಮೇಡಮ್ಮೂ ಕೊನೆಗೆ ತುಟಿ ಕಚ್ಚಿಕೊಂಡರು. ಮರುದಿನ ಅವಳು ಸಾಲೆಗೆ ಹೋಗಲಿಲ್ಲ. ಹೊಟ್ಟೆನೋವು ಅಂತ ಹೇಳಬೇಕೆಂದುಕೊಂಡಿದ್ದಳು, ಕೇಳಿದರೆ ತಾನೇ? ಮೂರನೇ ದಿನ ಅಪ್ಪ ಅವಳನ್ನು ನೋಡಿದ, ಸಾಲೆಯ ಹೊತ್ತಿಗೆ ಹೊಸ್ತಿಲಲ್ಲಿ ಕೂತದ್ದನ್ನು ನೋಡಿದ, ಗಾಡಿ ಒರೆಸುವ ಬಟ್ಟೆಯನ್ನು ಅವಳ ಕೈಗೆ ಕೊಟ್ಟ. ಅಷ್ಟೇ. ಆವತ್ತಿನಿಂದ ಗಾಡಿ ತೊಳೆಯುವುದು, ಎಣ್ಣೆಯ ಕಡ್ಡಿ ಎತ್ತಿ ನೋಡುವುದು, ರೇಡಿಯೇಟರಿಗೆ ನೀರು ಹಾಕುವುದು ಅವಳ ಕೆಲಸ. ಈ ಮನೆಯಲ್ಲಿ ಕೇಳುವ ರೂಢಿಯೇ ಇಲ್ಲ. ಮೊದಲು ಅದು ಅವಳಿಗೆ ದೊಡ್ಡ ಕರುಣೆಯ ಹಾಗೆ ಕಂಡಿತ್ತು.

ಹೊಸ ಎಂಜಿನ್ ಅಂದರೆ ಹೊಸದಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಶೆಡ್ಡಿನಲ್ಲಿ ಹದಿನೈದು ವರ್ಷ ಹೊಟ್ಟಿನ ಕೆಳಗೆ ನಿಂತಿದ್ದ ಇನ್ನೊಂದು ಅಂಬಾಸಿಡರಿನದು. ಆ ಗಾಡಿಯ ಮೈ ತುಕ್ಕು ತಿಂದು ಉದುರಿದ್ದರೂ ಎದೆ ಗಟ್ಟಿಯಿದೆ ಅಂತ ಸುಂಕಣ್ಣನೇ ನೋಡಿ ಬಿಚ್ಚಿಸಿ ತಂದಿದ್ದ. ಅದನ್ನು ಇಳಿಸಿದ್ದ ಚೀಲದ ಮೇಲೆ ಈಗಲೂ ಭತ್ತದ ಹೊಟ್ಟು ಬಿದ್ದಿತ್ತು. ಪಕ್ಕದ ಮನೆಯ ಗಿಡ್ಡಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕೆ ಬಂದು, ಎರಡೂ ಎಂಜಿನ್ನುಗಳ ನಡುವೆ ನಿಂತು, "ಯಾವುದು ಹಳೇದು ಯಾವುದು ಹೊಸಾದಪ್ಪ? ಎರಡೂ ಒಂದ ತಾಯಿ ಮಕ್ಳಂಗ ಕರ್ರಗದಾವ," ಅಂದಳು.

"ಕರ್ರಗಿದ್ದು ಹಳೇದು, ಭಾಳ ಕರ್ರಗಿದ್ದು ಹೊಸಾದು ಗಿಡ್ಡಮ್ಮಕ್ಕ," ಅಂದ ಸುಂಕಣ್ಣ.

"ನಿನ್ನಂಗ ಅನ್ನು."

ಅಪ್ಪನೂ ನಕ್ಕ. ಆಸಿಂ ಮಾತ್ರ ಸರಪಳಿ ನೋಡುತ್ತಿದ್ದ. ಆಗ ಅಕ್ಕ ಕೈ ತೊಳೆದ ನೀರು ಚೆಲ್ಲುತ್ತಾ ಬಾಗಿಲಿಗೆ ಬಂದು, "ಗಿಡ್ಡಮ್ಮತ್ತಿ, ಅವತ್ತು ಅರಿಶಿನ ಒಯ್ದಿದ್ರಂತಲ್ಲ, ಸಾಕಾತೇನು?" ಅಂದಳು. ಶಬಾನಾಳ ಕೈಯ ಬ್ರಷ್ಷು ನಿಂತಿತು. ಗಾಡಿ ಕುದಿದ ವಾರ ಅಕ್ಕ ಅರಿಶಿನದ ಡಬ್ಬಿ ತೆಗೆದು, ಇದೇನು ತಳ ಕಾಣಾಕತ್ತೈತಿ ಅಂದಾಗ, ಗಿಡ್ಡಮ್ಮತ್ತಿ ಕೇಳಿದ್ರು ಕೊಟ್ಟೆ ಅಂತ ಅವಳು ಹೇಳಿದ್ದಳು. ಆ ಸುಳ್ಳಿಗೆ ಆಮೇಲೆ ಯಾರೂ ಬಾಯಿ ಹಾಕಿರಲಿಲ್ಲ. ಹನ್ನೆರಡು ದಿನ ಬಿಟ್ಟು, ಇವತ್ತೇ, ಇಷ್ಟು ಜನರ ಮುಂದೆಯೇ ಅಕ್ಕ ಯಾಕೆ ಕೇಳಬೇಕು? ಗಿಡ್ಡಮ್ಮ ಅಕ್ಕನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ಕೊನೆಗೆ ಶಬಾನಾಳ ತಗ್ಗಿಸಿದ ತಲೆಯನ್ನು ನೋಡಿದಳು. "ಹೂನವ್ವ, ಒಯ್ದಿದ್ದೆ," ಅಂದಳು. "ಬ್ಯಾಸಗಿ ಮುಗಿಯೂದ್ರೊಳಗ ತಿರುಗಿ ಕೊಡ್ತೀನಿ ತಗೋ." ಕೊಡದ ಅರಿಶಿನವನ್ನು ಒಯ್ದೆ ಅಂದಳು. ಯಾಕೆ? ದಿನಕ್ಕೊಂದು ಒಯ್ಯುವವಳು, ಏನು ಒಯ್ದೆ ಅನ್ನುವುದು ನೆನಪಿಲ್ಲದೆ ಅಂದಿರಬಹುದು. ಅಥವಾ ಎಲ್ಲ ತಿಳಿದು, ತನ್ನ ಬೆನ್ನಿಗೆ ನಿಂತು, ಮುಂದೆ ಯಾವತ್ತೋ ಒಂದು ದಿನ ಅದನ್ನು ಎತ್ತಿ ತೋರಿಸಲು ಇಟ್ಟುಕೊಂಡಿರಬಹುದು. ಓಣಿಗೆ ಗೊತ್ತಿದೆಯೇ? ಅಕ್ಕ "ಆತು ಬಿಡ್ರಿ" ಅಂತ ಒಳಗೆ ಹೋದಳು. ಅವಳ ದನಿಯಲ್ಲಿ ನಂಬಿದವರ ನೆಮ್ಮದಿ ಇರಲಿಲ್ಲ, ನಂಬದವರ ಸಿಟ್ಟೂ ಇರಲಿಲ್ಲ.

ಬಿಸಿಲು ನೆತ್ತಿಗೆ ಬಂದಾಗ ಅಪ್ಪ ಆಸಿಂನನ್ನು ಎಂಜಿನ್ ಎಣ್ಣೆಯ ಡಬ್ಬಿಗೂ ಎಲ್ಲರಿಗೂ ತಿನ್ನಲು ಮಂಡಕ್ಕಿ ಒಗ್ಗರಣೆ, ಮಿರ್ಚಿಗೂ ಬಸ್‌ಸ್ಟ್ಯಾಂಡಿಗೆ ಕಳಿಸಿದ. ಶಬಾನಾ ಡೀಸೆಲ್ ಕೈ ತೊಳೆಯಲು ಹಿತ್ತಲ ಬಚ್ಚಲಿಗೆ ಹೋದಳು. ಸೋಪಿನ ಪುಡಿ ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಕಪ್ಪು ಹಾಗೇ ಉಳಿಯಿತು. ಗಾಡಿ ಲಗ್ನಕ್ಕೆ ಹೋದ ದಿನ ಹಳದಿ ಉಳಿದಿತ್ತು. ಬಟ್ಟೆ ಒಗೆಯುವ ಸಾಬೂನಿಗೆ ಅದು ಕೆಂಪಾಗಿ, ಮತ್ತೆ ಹಳದಿಯಾಗಿ, ಎರಡು ದಿನ ಬೆರಳು ಬಿಟ್ಟಿರಲಿಲ್ಲ. ಅಂದು ನಸುಕಿನಲ್ಲಿ ಅವಳು ನೀರಿನ ಕೊಡ, ಚಮಚ, ಅರಿಶಿನದ ಡಬ್ಬಿ ಹಿಡಿದು ಗಾಡಿಯ ಮುಂದೆ ನಿಂತಿದ್ದಳು. ಅಕ್ಕನ ಕೋಣೆಯ ಕಿಟಕಿ ಅಲ್ಲೇ. ಒಳಗೆ ಅವರಿಬ್ಬರೂ ಬಳ್ಳಾರಿಗೆ ಏನೇನು ಒಯ್ಯುವುದು ಅಂತ ಮಾತಾಡುತ್ತಿದ್ದರು. ದೊಡ್ಡ ಬೋಗುಣಿ ಬೇಡ, ರೊಟ್ಟಿ ಹಂಚು ಬೇಕು. ಆಸಿಂ, "ಶಬಾನಾಂದು ಹೆಂಗ?" ಅಂದ. ಅಕ್ಕ, "ಆಕಿಗೇನ್ರಿ, ಅಪ್ಪ ಅದಾನ. ಆಕಿ ಇದ್ದಾಳಂತ ಅಪ್ಪಗೂ ಗೊತ್ತಾಗಂಗಿಲ್ಲ, ಅಪ್ಪ ಅದಾನಂತ ಆಕಿಗೂ ಗೊತ್ತಾಗಂಗಿಲ್ಲ," ಅಂದು ನಕ್ಕಳು. ಕೆಟ್ಟ ನಗೆಯಲ್ಲ ಅದು. ಅಷ್ಟರಲ್ಲಿ ಒಂದು ಚಮಚ ಒಳಗೆ ಹೋಗಿತ್ತು. ಆಮೇಲೆ ಅವಳು ಚಮಚವನ್ನು ಗಾಡಿಯ ಮೇಲಿಟ್ಟು ಡಬ್ಬಿಗೆ ಕೈ ಹಾಕಿದ್ದಳು. ಒಂದು ಮುಷ್ಟಿ. ಇನ್ನೊಂದು ಮುಷ್ಟಿ. ತೂತು ದೊಡ್ಡದಿದ್ದರೆ ಚಮಚ ಸಾಲುವುದಿಲ್ಲ ಅಂತ ಆಗ ಅಂದುಕೊಂಡದ್ದು ನಿಜವೋ, ಗಾಡಿ ಕುದಿದು ಬಂದಮೇಲೆ ಹಾಗೆ ಅಂದುಕೊಂಡದ್ದೋ, ಹನ್ನೆರಡು ದಿನ ತಿರುವಿ ನೋಡಿದರೂ ತಿಳಿಯುತ್ತಿಲ್ಲ. ಗಾಡಿ ನಿಂತುಹೋಗಲಿ ಅಂತ ಮನಸ್ಸಿನಲ್ಲಿ ಒಂದು ಮಾತೂ ಇರಲಿಲ್ಲ. ಆದರೆ ಕೈಗೆ ಮಾತು ಬೇಕೇ? ಅವಳಿಗೆ ಬೇರೆ ಯಾರ ಮೇಲಿನ ಅನುಮಾನಕ್ಕಿಂತ ತನ್ನ ಬಲಗೈಯ ಮೇಲಿನ ಅನುಮಾನ ದೊಡ್ಡದಾಗಿತ್ತು.

ಬಚ್ಚಲಿನ ಗೋಡೆಯ ಆಚೆ ಕಬ್ಬಿಣ ಕೆರೆಯುವ ಸದ್ದು. ಹಳೆಯ ಎಂಜಿನ್ನನ್ನು ಅಲ್ಲಿಗೆ ಸಾಗಿಸಿ ಮಲಗಿಸಿದ್ದರು. ಅವಳು ನೀರು ಹೊಯ್ಯುವುದನ್ನು ನಿಲ್ಲಿಸಿದಳು.

"ಚಾಂದಣ್ಣ, ಒಂದ್ ಮಾತು," ಅಂದಿತು ಸುಂಕಣ್ಣನ ದನಿ.

"ಏನು?" ಅಪ್ಪ ಅಲ್ಲೇ ಇದ್ದ.

"ಇದ್ರಾಗ ಅಳಿಯಂದು ತಪ್ಪಿಲ್ಲ. ರೇಡಿಯೇಟರ್ ಬಳ್ಳಾರ್ಯಾಗ ಬಿಚ್ಚಿಸಿದ ದಿನಾನ ನಿಂಗ ಫೋನ್ ಮಾಡಿದ್ನಲ್ಲ, ಅರಿಶಿನ ಮುದ್ದಿ ಆಗಿ ಕುಂತೈತಿ, ನೀರು ಆಡಾಕ ದಾರಿನ ಇಲ್ಲ ಅಂತ. ಇಲ್ನೋಡು, ಬ್ಲಾಕಿನಾಗೂ ಅದ ಐತಿ."

ಕೆರೆಯುವ ಸದ್ದು ನಿಂತಿತು.

"ಎಂಜಿನ್ನೇನೂ ಮೊದ್ಲ ಸವದಿತ್ತು ಬಿಡು, ಇನ್ನೊಂದ್ ವರ್ಷ ಎಳೀತಿತ್ತೋ ಇಲ್ಲೋ. ಆದ್ರ ಆತ ಕೈಯೂ ಸುಟ್ಕೊಂಡ, ಮ್ಯಾಲ ಮಾತೂ ತಿಂದ. ಯಾರು ಹಾಕಿದ್ರು ಅಷ್ಟು?"

"ಅದು ಮನ್ಯಾಗಿನ ಮಾತು."

"ಆತಪ್ಪ. ಆತಗಾದ್ರೂ ಹೇಳಿಯೇನು? ತಲಿ ಎತ್ತವಲ್ಲ ಪಾಪ."

"ತಲಿ ಎತ್ತಿದ್ರ ಹೋಗ್ತಾನ," ಅಂದ ಅಪ್ಪ. "ಎಂಜಿನ್ ಕುಂದ್ರಸು ಸುಂಕಣ್ಣ, ಹೊತ್ತಾತು."

ಶಬಾನಾ ಒದ್ದೆ ಕೈ ಹಿಡಿದುಕೊಂಡು ನಿಂತಳು. ನಲ್ಲಿಯಿಂದ ಹನಿ ಬೀಳುತ್ತಿತ್ತು, ಅದನ್ನು ತಿರುಗಿಸಿ ಬಿಗಿ ಮಾಡಿದಳು. ಗೊತ್ತಿತ್ತು. ರೇಡಿಯೇಟರ್ ಬಿಚ್ಚಿಸಿದ ದಿನದಿಂದಲೇ ಅಪ್ಪನಿಗೆ ಗೊತ್ತಿತ್ತು. ತಾನು ಬಚ್ಚಿಟ್ಟುಕೊಂಡಿದ್ದೇನೆ ಅಂದುಕೊಂಡದ್ದನ್ನು ಅಪ್ಪ ತನಗಿಂತ ಜೋಪಾನವಾಗಿ ಬಚ್ಚಿಟ್ಟಿದ್ದ, ಅದರಿಂದ ಒಂದು ಕೆಲಸವನ್ನೂ ತೆಗೆದುಕೊಳ್ಳುತ್ತಿದ್ದ. ಬೈಯದೆ ಬಿಟ್ಟದ್ದು ತನ್ನ ಮೇಲಿನ ಕರುಣೆಯಿಂದಲ್ಲ. ಹಾಗೆಂದು ಅವಳಿಗೆ ಸಿಟ್ಟೂ ಪೂರ್ತಿ ಬರಲಿಲ್ಲ. ಆಸಿಂ ಹೋದರೆ ಮನೆ ಹೇಗಿರುತ್ತದೆ ಅಂತ ಅಪ್ಪನೂ ಅದೇ ಕಿಟಕಿಯ ಹೊರಗೆ ನಿಂತು ಯೋಚಿಸಿದ್ದಾನೆ ಅನ್ನಿಸಿತು. ಒಂದೇ ಹಂಡೆಯನ್ನು ಇಬ್ಬರೂ ಒಂದೊಂದು ಬದಿ ಹಿಡಿದು, ಎದುರು ಬದಿಯವನು ಹಿಡಿದಿದ್ದಾನೆಂದು ತಿಳಿಯದೆ ಹೊತ್ತ ಹಾಗೆ. ಇಲ್ಲ, ಅವನಿಗೆ ತಿಳಿದಿತ್ತು. ತಿಳಿಯದವಳು ಅವಳೊಬ್ಬಳು. ಸಾಲೆಗೆ ಯಾಕೆ ಹೋಗಲಿಲ್ಲ ಅಂತ ಆವತ್ತು ಕೇಳದೆ ಬಟ್ಟೆ ಕೊಟ್ಟದ್ದು ನೆನಪಾಯಿತು. ಆಗಲೂ ಗಾಡಿ ಒರೆಸಲು ಒಬ್ಬರು ಬೇಕಿತ್ತೇನೋ.

ಮಧ್ಯಾಹ್ನ ಪೂರ್ತಿ ಎಂಜಿನ್ ಕೂರಿಸುವುದರಲ್ಲಿ ಹೋಯಿತು. ಚೈನಿಗೆ ತೂಗಿದ ಎಂಜಿನ್ನಿನ ಕೆಳಗೆ ಗಾಡಿಯನ್ನು ಮತ್ತೆ ಮುಂದಕ್ಕೆ ನೂಕಿದರು. ಗೇರ್‌ಬಾಕ್ಸಿನ ದಂಡ ಎಂಜಿನ್ನಿನ ತೂತಿಗೆ ಸರಿಯಾಗಿ ಕೂಡಬೇಕು. ಕೂದಲೆಳೆಯಷ್ಟು ಓರೆಯಾದರೂ ಕೂಡುವುದಿಲ್ಲ. ಸುಂಕಣ್ಣ ಮೇಲಿನಿಂದ, ಆಸಿಂ ಕೆಳಗಿನಿಂದ. "ಎತ್ತು. ಎತ್ತಲೇ. ಇಷ್ಟ ಇಳಸು. ಮಾವನ ಮನಿ ಅಕ್ಕಿ ಸವೀಲಿಲ್ಲೇನು ನಿನಗ, ಜೋರು ಹಾಕು." ಆಸಿಂ ಸುಟ್ಟ ಕೈಯಿಂದಲೇ ಎತ್ತಿ ಹಿಡಿದ. ಎಳೆಚರ್ಮ ಒಡೆದು ರಕ್ತ ಸಣ್ಣಗೆ ಒಸರಿತು, ಅವನು ಅದನ್ನು ಎಣ್ಣೆ ಬಟ್ಟೆಗೆ ಒರೆಸಿಕೊಂಡ. ಶಬಾನಾ ಬ್ಯಾಟರಿ ಹಿಡಿದು ಬೆಳಕು ಬಿಡುತ್ತಿದ್ದಳು. ಅವನ ಮುಖ ಒಂದು ಮೊಳ ದೂರದಲ್ಲಿ, ಮೇಲ್ಮುಖವಾಗಿ, ಕಣ್ಣಿಗೆ ಬೆವರು ಇಳಿದು ಮಿಟುಕುತ್ತಿತ್ತು. ಈಗ ಹೇಳಬಹುದಿತ್ತು. "ಬೆಳಕು ಈ ಕಡೆ ತರ್ತಿಯೇನವ್ವ," ಅಂದ ಅವನು. ಹನ್ನೆರಡು ದಿನದಲ್ಲಿ ಅವಳಿಗೆ ಅವನು ಆಡಿದ ಅತ್ಯಂತ ಉದ್ದದ ಮಾತು ಅದು. ಅದರಲ್ಲಿ ಏನಾದರೂ ಇದೆಯೇ ಅಂತ ಅವಳು ಹುಡುಕಿದಳು. ಏನೂ ಇರಲಿಲ್ಲ. ಅವನಿಗೆ ಯಾರ ಮೇಲೂ ಅನುಮಾನವಿರಲಿಲ್ಲ, ತನ್ನ ಮೂಗಿನ ಮೇಲೆ ಬಿಟ್ಟು. ಟಕ್ ಅಂತ ದಂಡ ಕೂಡಿತು. ಸುಂಕಣ್ಣ "ಶಾಭಾಸ್" ಅಂದ. ಅವಳು ಬೆಳಗ್ಗೆ ಸಾಲಾಗಿ ಇಟ್ಟ ಬೋಲ್ಟುಗಳನ್ನು ಒಂದೊಂದಾಗಿ ಕೊಡುತ್ತಾ ಹೋದಳು.

ಐದಕ್ಕೆ ಸ್ವಲ್ಪ ಮುಂಚೆ ಎಲ್ಲ ಬಿಗಿದು ಮುಗಿಯಿತು. ಬಳ್ಳಾರಿಯಲ್ಲಿ ತೊಳೆಸಿ ತಂದ ರೇಡಿಯೇಟರ್ ಕೂತಿತು, ನೀರನ್ನು ಸುಂಕಣ್ಣನೇ ಹಾಕಿದ. ಕೊಡ ಹಿಡಿದು ಮುಂದೆ ಬಂದಿದ್ದ ಶಬಾನಾ ಹಿಂದೆ ಸರಿದಳು. ಆಮೇಲೆ ಅವನು ಜೇಬಿನಿಂದ ನಿಂಬೆಹಣ್ಣು ತೆಗೆದು, ಊದಿನಕಡ್ಡಿ ಹಚ್ಚಿ, "ತಂಗಿ, ಒಂದಿಷ್ಟು ಅರಿಶಿನ ತಾರವ್ವ," ಅಂದ.

ಅವಳು ಅಲ್ಲಾಡಲಿಲ್ಲ.

"ಎಂಜಿನ್ ಪೂಜಿಗವ್ವ. ನಾ ಪೂಜಿ ಮಾಡ್ದ ಸ್ಟಾರ್ಟ್ ಮಾಡಂಗಿಲ್ಲ. ನಿಮ್ಮಪ್ಪಂದು ಬಿಸ್ಮಿಲ್ಲಾ ಅವಂದು, ನಂದು ನಂದು. ಗಾಡಿಗೆ ಎರಡೂ ಬೇಕು."

ಹಿಂದೆ ಕ್ಲಚ್ ಬದಲಿಸಿದಾಗಲೂ ಅವನು ಹೀಗೆಯೇ ಕೇಳಿದ್ದು ಅವಳಿಗೆ ನೆನಪಿತ್ತು. ಆದರೂ ಅಡುಗೆಮನೆಗೆ ಹೋಗುವಾಗ ಬೆನ್ನ ಹಿಂದೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ ಅನ್ನಿಸಿತು. ಅಕ್ಕ ಒಲೆಯ ಮುಂದೆ ಕೂತಿದ್ದಳು. ಡಬ್ಬಿಯನ್ನು ಅವಳೇ ಕೈಗೆತ್ತಿ ಕೊಟ್ಟಳು. "ಎಷ್ಟು ಬೇಕಂತ?" ಅಂದಳು, ಕಣ್ಣು ಬೆಂಕಿಯ ಮೇಲೆಯೇ ಇಟ್ಟು. ಕೊನೆಗೂ ಮನೆಯಲ್ಲಿ ಒಬ್ಬರು ಎಷ್ಟು ಅಂತ ಕೇಳಿದ್ದರು. ಶಬಾನಾ ನಿಂತಳು. ಅಕ್ಕನಿಗೂ ಗೊತ್ತು, ಅಥವಾ ಇದು ಬರೀ ಪೂಜೆಯ ಅರಿಶಿನದ ಮಾತು; ಎರಡರಲ್ಲಿ ಯಾವುದು ಅನ್ನುವುದನ್ನು ಆ ಮುಖದಿಂದ ಓದಲಾಗಲಿಲ್ಲ. ಗೊತ್ತಿದ್ದರೆ ಅಕ್ಕ ಯಾಕೆ ಗಂಡನಿಗೆ ಹೇಳಿಲ್ಲ? ತಂಗಿಯೇ ಹೇಳಲಿ ಅಂತ ಕಾಯುತ್ತಿದ್ದಾಳೆಯೇ? "ಅಕ್ಕಾ," ಅಂದಳು. ಅಕ್ಕ ತಿರುಗಿ ನೋಡಿದಳು. ಆ ನೋಟದಲ್ಲಿ ಎಷ್ಟು ಆಸೆ ಇತ್ತೆಂದರೆ ಶಬಾನಾಳಿಗೆ ಹೆದರಿಕೆಯಾಯಿತು. "ಚಿಟಿಕಿ ಸಾಕಂತ," ಅಂದಳು. ಅಕ್ಕ ಮತ್ತೆ ಬೆಂಕಿಯ ಕಡೆ ತಿರುಗಿದಳು.

ಸುಂಕಣ್ಣ ಎಂಜಿನ್ನಿನ ತಲೆಗೆ ಅರಿಶಿನ ಹಚ್ಚಿದ, ನಿಂಬೆಹಣ್ಣನ್ನು ಮುಂದಿನ ಚಕ್ರದ ಕೆಳಗಿಟ್ಟ. ಅಪ್ಪ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದ. ಆಮೇಲೆ ಅಳಿಯನ ಕಡೆ ನೋಡಿ, "ಕುಂದ್ರು," ಅಂದ. ಆಸಿಂ ಕೈ ಒರೆಸಿಕೊಂಡು ಡ್ರೈವರ್ ಸೀಟಿನಲ್ಲಿ ಕೂತ. ಕೀಲಿ ತಿರುವಿದರೆ ಎಂಜಿನ್ ಕೆಮ್ಮಿತು, ನಿಂತಿತು. ಇನ್ನೊಮ್ಮೆ ಕೆಮ್ಮಿತು. ಮೂರನೇ ಸಲಕ್ಕೆ ಬೇವಿನ ಮರದ ಕಾಗೆಗಳೆಲ್ಲ ಎದ್ದುಹೋಗುವ ಹಾಗೆ ಹತ್ತಿಕೊಂಡಿತು. ಹೊಗೆಯ ಜೊತೆ ಸೈಲೆನ್ಸರಿನಿಂದ ಭತ್ತದ ಹೊಟ್ಟು ಹಾರಿತು. ಸುಂಕಣ್ಣ ಏನೋ ಕೂಗಿ ಹೇಳಿದ, ಆಸಿಂ ಕಾಲು ಒತ್ತಿದ, ಸದ್ದು ಏರಿತು. ಅಂಗಳದ ತಗಡು, ಬಾಗಿಲಿನ ಚಿಲಕ, ಶಬಾನಾಳ ಹಲ್ಲು, ಎಲ್ಲ ನಡುಗಿದವು. ಅಪ್ಪ ಕಿಟಕಿಯ ಹತ್ತಿರ ಹೋಗಿ ಅಳಿಯನ ಭುಜದ ಮೇಲೆ ಕೈ ಇಟ್ಟ. ಹನ್ನೆರಡು ದಿನದ ನಂತರ ಆಸಿಂ ನಕ್ಕ, ಮಾವನ ಮುಖ ನೋಡದೆ, ಸ್ಟಿಯರಿಂಗಿಗೆ ನಕ್ಕ. ಐದೂವರೆಗೆ ಸರಿಯಾಗಿ ಅವನ ಅಂಗಿಯ ಜೇಬು ಬೆಳಗಿತು. ಅವನು ಫೋನು ಹೊರಗೆ ತೆಗೆದು ಹೆಸರು ನೋಡಿದ, ಕಿಟಕಿಯ ಹೊರಗೆ ಅಪ್ಪನೂ ನೋಡಿದ. ಬಾಗಿಲಿಗೆ ಬಂದು ನಿಂತಿದ್ದ ಅಕ್ಕ ಎರಡು ಹೆಜ್ಜೆ ಮುಂದೆ ಬಂದಳು. ಆಸಿಂ ಫೋನನ್ನು ಡ್ಯಾಶ್‌ಬೋರ್ಡಿನ ಮೇಲೆ ಬೋರಲಾಗಿ ಇಟ್ಟ.

ಶಬಾನಾ ಆಚೆ ಬದಿಯ ಕಿಟಕಿಗೆ ಹೋದಳು. ಗಾಜು ಇಳಿದಿತ್ತು. ಕಿಟಕಿಯ ಅಂಚಿನ ಮೇಲೆ ಎರಡೂ ಕೈ ಊರಿ, "ಬಾವ, ಅರಿಶಿನ ಹಾಕಿದ್ದು ನಾನು," ಅಂದಳು. "ಚಮಚ ಅಲ್ಲ, ಎರಡು ಮುಷ್ಟಿ. ನಿಮ್ದು ತಪ್ಪಿಲ್ಲ. ಫೋನ್ ಎತ್ತ್ರಿ." ದನಿ ಬಂದಿತ್ತು, ಗಂಟಲಿನಲ್ಲಿ ಅದರ ಬಿಸಿ ಅವಳಿಗೆ ತಿಳಿಯಿತು. ಆದರೆ ಎಂಜಿನ್ ಅದನ್ನು ತಿಂದುಹಾಕಿತು. ಆಸಿಂ ಕಿವಿಯ ಹತ್ತಿರ ಅಂಗೈ ತಂದು, ಏನು ಅನ್ನುವ ಹಾಗೆ ಹುಬ್ಬು ಎತ್ತಿ, ಗಾಡಿ ಚಾಲು ಆದ ಖುಷಿಯಲ್ಲೇ ನೋಡಿದ. ಸುಂಕಣ್ಣ ಎಂಜಿನ್ನಿನ ಮೇಲೆ ಬಗ್ಗಿದ್ದವನು ಇನ್ನೂ ಬಗ್ಗಿದ. ಆಸಿಂನ ತಲೆಯ ಮೇಲಿನಿಂದ, ಆಚೆ ಕಿಟಕಿಯಲ್ಲಿ, ಅಪ್ಪ ಅವಳ ಬಾಯಿಯನ್ನೇ ನೋಡುತ್ತಿದ್ದ. ಅವನಿಗೆ ಕೇಳಿಸಿರಲಾರದು. ಕೇಳಿಸಬೇಕಾಗಿಯೂ ಇರಲಿಲ್ಲ. ಫೋನು ಬೋರಲಾಗಿಯೇ ಡ್ಯಾಶ್‌ಬೋರ್ಡಿನ ಮೇಲೆ ನಡುಗುತ್ತಾ ಸ್ವಲ್ಪ ಸ್ವಲ್ಪವೇ ಜರುಗುತ್ತಿತ್ತು. ಅಪ್ಪ ಅಳಿಯನ ಭುಜ ತಟ್ಟಿ, ಇನ್ನೂ ಒತ್ತು ಅಂತ ಕೈಸನ್ನೆ ಮಾಡಿದ. ಆಸಿಂ ಒತ್ತಿದ.

"ಎಂಜಿನ್ ಬಂದ್ ಮಾಡ್ರಿ," ಅಂದಳು ಶಬಾನಾ. ಅಪ್ಪನನ್ನೇ ನೋಡುತ್ತಾ, ಇನ್ನೊಮ್ಮೆ, ಬಿಡಿಬಿಡಿಯಾಗಿ ಅಂದಳು: "ಒಂದ್ ಸ್ವಲ್ಪ ಬಂದ್ ಮಾಡ್ರಿ."